ಪೇಯುನ್ ಓದಿದ ಹೆಸರು

“ಇನ್ನೂ ಎಷ್ಟು ಹೊತ್ತು ಚಿಕ್ಕಪ್ಪಾ? ಬೀಚ್‌ಗೆ ಅಂತ ಕರ್ಕೊಂಡ್ ಬಂದು ಈ ಮ್ಯೂಸಿಯಂ ಒಳಗೆ ತುರುಕಿದ್ದೀಯ!”

“ಹೊರಗೆ ಮಳೆ ಸುರೀತಿದೆಯಲ್ಲೇ. ನಾನೇನ್ ಮಾಡ್ಲಿ, ಮೋಡಕ್ಕೆ ಫೋನ್ ಮಾಡ್ಲಾ?”

ಪೇಯುನ್ ಮುಖ ಊದಿಸಿಕೊಂಡಳು. ತೈವಾನಿನಿಂದ ಜಪಾನಿನ ಈ ಪುಟ್ಟ ದ್ವೀಪಕ್ಕೆ ಬಂದಾಗಿನಿಂದ ಬರೀ ಮಳೆ. ಒಳಗೆ ನೋಡಿದರೆ ತುಕ್ಕು ಹಿಡಿದ ಲಂಗರು, ಹಾಯಿ ಹರಿದ ಹಡಗಿನ ಮಾದರಿಗಳು.

ಅಜ್ಜಿಯಂತೂ ಬಾಗಿಲ ಬಳಿಯ ಬೆಂಚು ಬಿಟ್ಟು ಏಳಲೇ ಇಲ್ಲ. “ಹಡಗು ನಾನು ಕಾಣದ್ದಾ? ನೀವೇ ನೋಡ್ಕೊಂಡ್ ಬನ್ನಿ” ಎಂದು ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದರು.

ಪೇಯುನ್ ಕಾಲೆಳೆಯುತ್ತ ಒಳಗಿನ ಮೂಲೆಗೆ ಹೋದಳು. ಅಲೆಗಳು ದಡಕ್ಕೆ ತಂದು ಹಾಕಿದ ಸಾಮಾನುಗಳೆಲ್ಲ ಅಲ್ಲಿದ್ದವು. ಗಾಜಿನ ಪೆಟ್ಟಿಗೆಯಲ್ಲಿ ಒಂದು ದುಂಡನೆಯ ಟ್ಯೂಬ್. ನೀರಿಗೆ ಬಿದ್ದವರಿಗೆ ದೋಣಿಯಿಂದ ಎಸೆಯುತ್ತಾರಲ್ಲ, ಅಂಥದ್ದು. ಬಣ್ಣ ಮಾಸಿತ್ತು, ಅಂಚು ಕಿತ್ತುಹೋಗಿತ್ತು. ಅದರ ಮೇಲಿದ್ದ ಅಕ್ಷರ ನೋಡಿ ಅವಳ ಕಣ್ಣರಳಿತು.

“ಅಜ್ಜೀ! ಚಿಕ್ಕಪ್ಪಾ! ಬೇಗ ಬನ್ನಿ, ನಮ್ಮೂರಿನ ಹೆಸರಿದೆ ಇಲ್ಲಿ! ನಾನ್‌ಫಾಂಗಾವ್! ದೋಣಿ ಹೆಸರು ಜಿನ್‌ಶಿಯಾಂಗ್‌ಫಾ!”

ಅಷ್ಟು ದೊಡ್ಡ ಕೋಣೆಯಲ್ಲಿ ಅವಳ ದನಿ ಗಣಗಣ ಮೊಳಗಿತು.

ಚಿಕ್ಕಪ್ಪ ಓಡಿ ಬಂದು ಅವಳ ಭುಜ ಹಿಡಿದ. ಅವನ ಮುಖ ಬಿಳುಚಿತ್ತು. “ಸುಮ್ಮನಿರು ಪೇಯುನ್. ಅದು ನಿಮ್ಮಜ್ಜನ ದೋಣಿ.”

ಅಜ್ಜನ ದೋಣಿ! ಚಿಕ್ಕಪ್ಪ ಹುಟ್ಟುವ ಮೊದಲೇ ಮೀನಿಗೆಂದು ಹೋಗಿ ತಿರುಗಿ ಬಾರದ ದೋಣಿ. ಊರಿನವರು ಏನೇ ಅಂದರೂ ಅಜ್ಜಿ ಅಜ್ಜನಿಗೆ ಇಂದಿನವರೆಗೆ ಊದಿನಕಡ್ಡಿ ಹಚ್ಚಿರಲಿಲ್ಲ. “ಬದುಕಿರೋರಿಗೆ ಯಾರಾದ್ರೂ ಹಚ್ತಾರಾ?” ಎಂದು ಜಗಳಕ್ಕೇ ಹೋಗುತ್ತಿದ್ದರು.

ಅಜ್ಜಿ ಗೋಡೆ ಹಿಡಿದುಕೊಂಡು ಬರುತ್ತಿದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ. ಗಾಜಿನ ಮುಂದೆ ನಿಂತು, “ಏನಂದೆ? ಇನ್ನೊಂದ್ಸಲ ಓದು” ಎಂದರು.

ಪೇಯುನ್ ಚಿಕ್ಕಪ್ಪನತ್ತ ನೋಡಿ ತಲೆ ತಗ್ಗಿಸಿದಳು. “ನಾನು... ತಪ್ಪು ಓದಿದೆ ಅಜ್ಜಿ. ಅಕ್ಷರ ಅಳಿಸಿ ಹೋಗಿದೆ.”

“ನನ್ನ ಮುಖ ನೋಡಿ ಹೇಳು.”

ಅವಳಿಗೆ ನೋಡಲಾಗಲಿಲ್ಲ. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಮೆಲ್ಲಗೆ ಓದಿದಳು. “ಜಿನ್. ಶಿಯಾಂಗ್. ಫಾ.”

ಅಜ್ಜಿ ಅಳಲಿಲ್ಲ. ಗಾಜಿನ ಮೇಲೆ ಅಂಗೈ ಊರಿ ನಿಂತರು. ಅಲ್ಲಿ ಕೆಲಸ ಮಾಡುವ ಹೆಂಗಸು ಮುಟ್ಟಬೇಡಿ ಎನ್ನಲು ಬಂದವಳು ಅವರನ್ನು ನೋಡಿ ಸುಮ್ಮನಾದಳು. ಚಿಕ್ಕಪ್ಪ ಅವಳ ಹತ್ತಿರ ಜಪಾನೀ ಭಾಷೆಯಲ್ಲಿ ವಿಚಾರಿಸಿದ.

“ಯಾವುದೋ ಚಂಡಮಾರುತ ಆದ್ಮೇಲೆ ದಡದಲ್ಲಿ ಸಿಕ್ಕಿದ್ದಂತೆ ಅಮ್ಮ.”

“ಬೇರೆ ಏನಾದ್ರೂ ಸಿಕ್ತಂತಾ?”

“ಇಲ್ಲಮ್ಮ. ಇದೊಂದೇ.”

ಹೊರಗೆ ಬಂದಾಗ ಮಳೆ ಇನ್ನೂ ಜಿನುಗುತ್ತಿತ್ತು. ಅಜ್ಜಿ ಕೊಡೆ ಬಿಚ್ಚದೆ ನೇರ ಕಡಲಿನ ಕಟ್ಟೆಯವರೆಗೆ ನಡೆದರು. “ಏನೂಂದ್ರೆ,” ಎಂದು ನೀರಿನತ್ತ ಕೂಗಿದರು, “ನೆನೆದಿದ್ದು ಸಾಕು. ನಡೀರಿ, ಮನೆಗೆ ಹೋಗೋಣ.”

ಬಸ್ಸು ಹತ್ತಿ ವಾಪಸ್ ಹೊರಟರು. ಸೇತುವೆಯೊಂದು ಬಂದಾಗ ಅಜ್ಜಿ ಕಿಟಕಿಯತ್ತ ಬಾಗಿ, “ಸೇತುವೆ ಬಂತು, ದಾಟಿ ಬನ್ನಿ” ಎಂದರು.

“ಯಾರಿಗೆ ಹೇಳ್ತಿದ್ದಾರೆ?” ಪೇಯುನ್ ಪಿಸುಗುಟ್ಟಿದಳು.

“ನಿಮ್ಮಜ್ಜನಿಗೆ,” ಎಂದ ಚಿಕ್ಕಪ್ಪ. “ತೀರಿಹೋದೋರನ್ನ ಮನೆಗೆ ಕರ್ಕೊಂಡ್ ಹೋಗುವಾಗ ಹಾಗೆ ಹೇಳ್ಬೇಕು. ಇಲ್ದಿದ್ರೆ ದಾರಿ ತಪ್ಪುತ್ತೆ.”

ತೀರಿಹೋದೋರು. ತಮ್ಮ ಮನೆಯಲ್ಲಿ ಈ ಮಾತನ್ನು ಇವತ್ತಿನವರೆಗೆ ಯಾರೂ ಆಡಿರಲಿಲ್ಲ ಎನ್ನುವುದು ಪೇಯುನ್‌ಗೆ ಹೊಳೆಯಿತು. ಅಜ್ಜಿಯೂ ಅದನ್ನು ಕೇಳಿಸಿಕೊಂಡಿದ್ದರು. ಬೇಡ ಎನ್ನಲಿಲ್ಲ.

ಇನ್ನೊಂದು ಸೇತುವೆ ಬಂತು. ಅಜ್ಜಿಯ ತುಟಿ ಅಲುಗಿತು, ದನಿ ಹೊರಡಲಿಲ್ಲ. ಆಗ ಅವರ ಕೆನ್ನೆ ಒದ್ದೆಯಾಯಿತು.

ಪೇಯುನ್ ಅಜ್ಜಿಯ ತಣ್ಣನೆಯ ಕೈ ಹಿಡಿದು ಕಿಟಕಿಯತ್ತ ಬಾಗಿದಳು.

“ಅಜ್ಜಾ,” ಎಂದಳು, “ಸೇತುವೆ ಬಂತು. ದಾಟಿ ಬನ್ನಿ.”