ಟಿಕ್ ಟಿಕ್ ಮಾಡಿದ್ದು ನಾನಲ್ಲ

“ಮತ್ತೆ ಶುರು ಮಾಡಿದ್ಯಾ?” ಅಮ್ಮ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು.

“ನಾನಲ್ಲಮ್ಮ!”

“ನೀನಲ್ದೆ ಇನ್ಯಾರು? ಬೇಕಾದ್ರೆ ಕೇಳು.”

ಅಮ್ಮ ರೆಕಾರ್ಡಿಂಗ್ ಹಾಕಿದಳು. ‘ಗಾಳಿಗೂ ತೂಕವಿದೆ. ಒಂದು ಬಲೂನನ್ನು ತೆಗೆದುಕೊಳ್ಳಿ’ ಎಂದು ಅಮ್ಮನ ದನಿ ಹೇಳಿತು. ಅದರ ಹಿಂದೆಯೇ ಟಿಕ್, ಟಿಕ್, ಟಿಕ್.

ಚಿನಕುರುಳಿಯ ಅಮ್ಮ ಕಣ್ಣು ಕಾಣದ ಮಕ್ಕಳಿಗಾಗಿ ಪಾಠಗಳನ್ನು ಓದಿ ರೆಕಾರ್ಡ್ ಮಾಡುತ್ತಾಳೆ. ಮನೆಯ ಚಿಕ್ಕ ಕೋಣೆಯೇ ಸ್ಟುಡಿಯೊ. ಕಿಟಕಿಗೆ ಕಂಬಳಿ, ಬಾಗಿಲ ಸಂದಿಗೆ ಹಳೇ ಟವೆಲ್. ಅಲ್ಲಿ ಸೊಳ್ಳೆ ಕೂಡ ಪರ್ಮಿಷನ್ ಕೇಳಿ ಹಾರಬೇಕು. ಅಂಥ ಮನೆಯಲ್ಲಿ ಚಿನಕುರುಳಿ ಹುಟ್ಟಿದ್ದಳು. ಐದನೇ ಕ್ಲಾಸು, ಬಾಯಿಗೆ ಬೀಗವಿಲ್ಲ. ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ.

ಅಮ್ಮ ಅನುಮಾನಪಟ್ಟದ್ದರಲ್ಲೂ ತಪ್ಪಿರಲಿಲ್ಲ. ಹುಲಿಯ ಪಾಠ ಓದುವಾಗ ಮೇಜಿನ ಕೆಳಗಿಂದ ‘ಮ್ಯಾಂವ್’ ಎಂದವಳು ಇವಳೇ. ನದಿಗಳ ಪಾಠದ ಮಧ್ಯೆ ಲೋಟದಿಂದ ಲೋಟಕ್ಕೆ ನೀರು ಸುರಿದು, “ಎಫೆಕ್ಟ್ ಬೇಡ್ವಾ?” ಎಂದು ಕೇಳಿದವಳೂ ಇವಳೇ. ಆದರೆ ಟಿಕ್ ಟಿಕ್ ಮಾತ್ರ ಖಂಡಿತ ಇವಳದಲ್ಲ. ಮಾಡದ ತಪ್ಪಿಗೆ ಬೈಸಿಕೊಳ್ಳುವುದೆಂದರೆ ಎಷ್ಟು ಉರಿ!

“ಸೋಮವಾರ ಆ ಮಕ್ಕಳಿಗೆ ಪರೀಕ್ಷೆ. ನಾಳೆ ಸಂಜೆಯೊಳಗೆ ನಲವತ್ತೂ ಪಾಠ ಕಳಿಸ್ಬೇಕು. ಇನ್ನೂ ಎರಡು ಬಾಕಿ. ನಿಂಗೆ ಎಲ್ಲಾ ತಮಾಷೆ!” ಅಮ್ಮ ಬಾಗಿಲ ಕಡೆ ಬೆರಳು ತೋರಿಸಿದಳು. “ಇನ್ಮೇಲೆ ನೀನು ಈ ರೂಮಿಗೆ ಬರೋ ಹಾಗಿಲ್ಲ.”

ಚಿನಕುರುಳಿ ಮೇಜಿನ ಕಾಲು ಹಿಡಿದುಕೊಂಡಳು. ಶಾಲೆ ಬಿಟ್ಟು ಬಂದು ಆ ಮೇಜಿನ ಕೆಳಗೆ ಕಾಲು ಚಾಚಿ ಅಮ್ಮನ ದನಿ ಕೇಳುವುದೆಂದರೆ ಅವಳಿಗೆ ಪ್ರಾಣ. ಅದನ್ನೇ ಕಿತ್ತುಕೊಂಡರೆ?

“ಒಂದೇ ಒಂದು ಚಾನ್ಸ್ ಕೊಡಮ್ಮ. ಪ್ಲೀಸ್!”

ಅವಳು ಒಳಗೆ ಓಡಿದಳು. ತಿರುಗಿ ಬಂದಾಗ ಬಾಯಿಗೆ ಕರ್ಚೀಫು ಕಟ್ಟಿತ್ತು, ಎರಡೂ ಕಾಲು ದಿಂಬಿನ ಕವರಿನೊಳಗಿದ್ದವು. ಕುಪ್ಪಳಿಸುತ್ತ ಬಂದು ಅಮ್ಮನ ಎದುರಿಗೇ ನಿಂತು, ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡಳು. ಅಮ್ಮ ನಗು ನುಂಗಿಕೊಂಡು ಕೆಂಪು ಬಟನ್ ಒತ್ತಿದಳು.

“ಗಾಳಿಗೂ ತೂಕವಿದೆ...”

ಟಿಕ್, ಟಿಕ್.

ಅಮ್ಮ ಮಗಳನ್ನು ಮೇಲಿಂದ ಕೆಳಗೆ ನೋಡಿದಳು. “ಹೊಟ್ಟೆಯಿಂದ ಮಾಡ್ತಿದ್ದೀಯಾ?”

“ಉಹುಂ! ಉಹುಂ!” ಚಿನಕುರುಳಿ ಜೋರಾಗಿ ತಲೆಯಾಡಿಸಿ, ಕುಪ್ಪಳಿಸುತ್ತ ಹೋಗಿ ಕಂಪ್ಯೂಟರ್ ಡಬ್ಬಕ್ಕೆ ಕಿವಿಯಿಟ್ಟಳು. ಅಮ್ಮನೂ ಬಗ್ಗಿ ಕಿವಿಯಿಟ್ಟಳು. ಸದ್ದು ಅದರೊಳಗಿಂದಲೇ ಬರುತ್ತಿತ್ತು.

ಅಮ್ಮನ ಮುಖ ಬಿಳಿಚಿಕೊಂಡಿತು. “ಅಯ್ಯೋ, ಹಾರ್ಡ್ ಡ್ರೈವ್! ಪಾಠ ಎಲ್ಲಾ ಇದರೊಳಗೇ ಇದೆ ಕಣೇ.”

ಹತ್ತೇ ನಿಮಿಷದಲ್ಲಿ ಇಬ್ಬರೂ ಸ್ಕ್ರೂ ಅತ್ತೆಯ ಅಂಗಡಿಯಲ್ಲಿದ್ದರು. ಕಂಪ್ಯೂಟರ್ ರಿಪೇರಿ ಮಾಡುವ ಆಕೆಗೆ ಬೀದಿಯ ಮಕ್ಕಳು ಇಟ್ಟ ಹೆಸರದು. ಅವಳು ಡಬ್ಬ ಬಿಚ್ಚಿ, ಚಾಲೂ ಮಾಡಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಡ್ರೈವಿನ ಬೆನ್ನಿಗೂ ಹಿಡಿಯನ್ನು ತನ್ನ ಕಿವಿಗೂ ಒತ್ತಿಕೊಂಡಳು. ಡಾಕ್ಟರು ಎದೆಬಡಿತ ಕೇಳುವ ಹಾಗೆ ಕಣ್ಣು ಮುಚ್ಚಿದಳು.

“ಎಷ್ಟು ದಿನದಿಂದ ಹೀಗೆ?”

“ಒಂದು ವಾರದಿಂದ,” ಎಂದಳು ಅಮ್ಮ.

“ವಾರದಿಂದ ‘ನಂಗೆ ಹುಷಾರಿಲ್ಲ’ ಅಂತ ಕೂಗ್ತಾ ಇದೆ ಪಾಪ. ನೀವು ಏನು ಮಾಡ್ತಿದ್ರಿ?”

ಅಮ್ಮ ಸೂರು ನೋಡಿದಳು. ಚಿನಕುರುಳಿ ಕ್ಲಾಸಿನಲ್ಲಿ ಎತ್ತುವಂತೆ ಕೈಯೆತ್ತಿದಳು. “ನನ್ನನ್ನ ಬೈತಿದ್ರು!”

“ಯಾವಾಗ ಬೇಕಾದ್ರೂ ನಿಂತುಹೋಗಬಹುದು. ಬೇಗ ಹೊಸದು ಆರಿಸಿ,” ಎಂದು ಸ್ಕ್ರೂ ಅತ್ತೆ ಮೂರು ಡ್ರೈವ್‌ಗಳನ್ನು ವೈರಿಗೆ ಸಿಕ್ಕಿಸಿ, ಸ್ಕ್ರೂಡ್ರೈವರನ್ನು ಚಿನಕುರುಳಿಯ ಕೈಗೇ ಕೊಟ್ಟಳು. “ಕಿವಿ ಚುರುಕಾಗಿದೆ ನಿಂದು. ನೀನೇ ಕೇಳಿ ಹೇಳು.”

ಮೊದಲನೆಯದು ‘ಗುಂಯ್’ ಎಂದಿತು. “ಇದು ನಮ್ಮ ಹೆಡ್‌ಮಾಸ್ಟರು. ಬೇಡ.”

ಎರಡನೆಯದು ನಿಧಾನವಾಗಿ ತಿರುಗುತ್ತಿತ್ತು. “ಇದು ನಿದ್ದೆ ಮಾಡೋ ಪಾಪು.”

ಮೂರನೆಯದಕ್ಕೆ ಎಷ್ಟು ಹೊತ್ತು ಕಿವಿಯಿಟ್ಟರೂ ಏನೂ ಕೇಳಲಿಲ್ಲ. “ಅತ್ತೆ, ಇದು ಸತ್ತುಹೋಗಿದೆ!”

ಸ್ಕ್ರೂ ಅತ್ತೆ ಗೊಳ್ಳನೆ ನಕ್ಕಳು. “ಅದು ಎಸ್‌ಎಸ್‌ಡಿ. ಒಳಗೆ ತಿರುಗೋದು ಏನೂ ಇಲ್ಲ, ಅದಕ್ಕೇ ಸದ್ದಿಲ್ಲ. ಮೈಕ್ ಪಕ್ಕ ಇಡೋಕೆ ಇದೇ ಸರಿ. ಆದ್ರೆ ಕೆಟ್ಟರೆ ಒಮ್ಮೊಮ್ಮೆ ಹೇಳದೆ ಕೇಳದೆ ಕೆಡುತ್ತೆ.”

“ಹಾಗಾದ್ರೆ ಯಾವುದನ್ನ ನಂಬೋದು?” ಅಮ್ಮ ಕೇಳಿದಳು.

“ಒಂದನ್ನೇ ನಂಬೋದಾದ್ರೆ ಯಾವುದನ್ನೂ ನಂಬಬೇಡಿ. ಇದನ್ನ ಕಂಪ್ಯೂಟರಿಗೆ ಹಾಕೋಣ. ಆ ನಿದ್ದೆ ಮಾಡೋ ಪಾಪುವನ್ನ ಬೀರುವಿನಲ್ಲಿಡಿ, ವಾರಕ್ಕೊಮ್ಮೆ ಎಬ್ಬಿಸಿ ಕಾಪಿ ಮಾಡ್ಕೊಳ್ಳಿ.”

ಹಳೆಯದರಿಂದ ಹೊಸದಕ್ಕೆ ಕಾಪಿ ಶುರುವಾಯಿತು, ಪಾಠಗಳ ಫೋಲ್ಡರ್ ಮೊದಲು. ಪರದೆಯ ಹಸಿರು ಪಟ್ಟಿ ತೆವಳತೊಡಗಿತು. ಟಿಕ್ ಟಿಕ್ ಜೋರಾದಾಗಲೆಲ್ಲ ಅಮ್ಮ ಚಿನಕುರುಳಿಯ ಕೈ ಹಿಸುಕುತ್ತಿದ್ದಳು. ಮೂವತ್ತಾರು... ಮೂವತ್ತೇಳು... ಮೂವತ್ತೆಂಟು. ಬಂತು!

“ಉಸ್ಸಪ್ಪಾ,” ಎಂದಳು ಸ್ಕ್ರೂ ಅತ್ತೆ. “ಆಫ್ ಮಾಡ್ಲಾ?”

“ಬೇಡ, ಬೇಡ!” ಅಮ್ಮ ಅವಳ ಕೈ ತಡೆದಳು. “ಇನ್ನೊಂದು ಫೋಲ್ಡರ್ ಇದೆ. ಅದು ಬೇಕೇ ಬೇಕು.”

ಆ ಫೋಲ್ಡರಿನ ಹೆಸರು ‘ಅಳಿಸಬಾರದು’. ಒಳಗೆ ಇನ್ನೂರ ಹನ್ನೆರಡು ಪುಟ್ಟ ಫೈಲುಗಳಿದ್ದವು. ಹಸಿರು ಪಟ್ಟಿ ಮತ್ತೆ ತೆವಳಿತು. ಇನ್ನೂರ ಹತ್ತಕ್ಕೆ ನಿಂತುಬಿಟ್ಟಿತು. ಹಳೇ ಡ್ರೈವ್ ಒಮ್ಮೆ ‘ಕಟ್’ ಎಂದು ಸುಮ್ಮನಾಯಿತು.

“ಎರಡು ಹೋಯ್ತು,” ಎಂದಳು ಸ್ಕ್ರೂ ಅತ್ತೆ. “ಬಂದಿದ್ದು ಸರಿಯಾಗಿದೆಯಾ ನೋಡೋಣ.” ಒಂದು ಫೈಲನ್ನು ಒತ್ತಿದಳು.

‘ಮ್ಯಾಂವ್!’

ಇನ್ನೊಂದನ್ನು ಒತ್ತಿದಳು. ನೀರು ಸುರಿಯುವ ಸದ್ದು, ಜೊತೆಗೆ ‘ಎಫೆಕ್ಟ್ ಬೇಡ್ವಾ?’ ಮತ್ತೊಂದರಲ್ಲಿ ತೀರಾ ಎಳೆಯ, ತೊದಲು ದನಿ: ‘ಅಮ್ಮ, ಮುಗೀತಾ? ಈಗ ಮುಗೀತಾ?’

ಪಾಠಗಳಿಂದ ಕತ್ತರಿಸಿದ ಒಂದು ತುಣುಕನ್ನೂ ಅಮ್ಮ ಎಸೆದಿರಲಿಲ್ಲ. ಚಿನಕುರುಳಿ ಅಮ್ಮನ ಮುಖ ನೋಡಿದಳು. ಅಮ್ಮ ವೈರುಗಳನ್ನು ಬಹಳ ಗಮನವಿಟ್ಟು ನೋಡುತ್ತಿದ್ದಳು. ಚಿನಕುರುಳಿ ಸರಿದು ಅಮ್ಮನಿಗೆ ಅಂಟಿಕೊಂಡು ನಿಂತಳು.

ಮರುದಿನ ಬಾಗಿಲ ಸಂದಿಗೆ ಟವೆಲ್ ಇಟ್ಟದ್ದು ಚಿನಕುರುಳಿಯೇ. ಮೇಜಿನ ಕೆಳಗೆ ಕೂತಳು. ಕೆಮ್ಮು ಬಂದಾಗ ದಿಂಬಿನಲ್ಲಿ ಮುಖ ಹುದುಗಿಸಿದಳು. ಕೋಣೆಯಲ್ಲಿ ಅಮ್ಮನ ದನಿ ಬಿಟ್ಟರೆ ಇನ್ನೊಂದು ಸದ್ದಿಲ್ಲ.

“ಇಲ್ಲಿಗೆ ನಲವತ್ತನೆಯ ಪಾಠ ಮುಗಿಯಿತು.”

ಆದರೆ ರೆಕಾರ್ಡಿಂಗಿನ ಕೆಂಪು ದೀಪ ಆರಲಿಲ್ಲ. ಚಿನಕುರುಳಿ ಮೇಜಿನ ಕೆಳಗಿಂದ ಇಣುಕಿ ನೋಡಿದಳು. ಅಮ್ಮ ಬಟನ್ ಮೇಲೆ ಬೆರಳಿಟ್ಟುಕೊಂಡು ಒತ್ತದೆ ಸುಮ್ಮನೆ ಕೂತಿದ್ದಳು. ಯಾರಿಗಾಗಿಯೋ ಕಾಯುವ ಹಾಗೆ.

‘ಅಳಿಸಬಾರದು’ ಫೋಲ್ಡರಿನಲ್ಲಿ ಎರಡು ಫೈಲು ಕಡಿಮೆಯಿತ್ತಲ್ಲ.

ಚಿನಕುರುಳಿ ಅಮ್ಮನ ಕಾಲಿಗೆ ಒರಗಿಕೊಂಡು, ಮೆಲ್ಲಗೆ, “ಮ್ಯಾಂವ್” ಎಂದಳು.