ಎಲೆಕ್ಟ್ರಾನ್ ಬಿಡಿಸಿದ ಬಳೆ

ವೆನಿಟಾ ಕೈಕುಲುಕಲು ಕೈ ಚಾಚಿದಳು. ಆತ ಅವಳ ಮುಖ ನೋಡಿ ನಕ್ಕನೇ ಹೊರತು ಕೈ ಹಿಡಿಯದೆ ಲ್ಯಾಬಿನೊಳಗೆ ನಡೆದುಬಿಟ್ಟ.

ಎಷ್ಟು ಜಂಬ! ಅಂದುಕೊಂಡಳು.

ಅವಳು ದೋಹಾದಲ್ಲಿ ಫಿಸಿಕ್ಸ್ ಟೀಚರ್. 2008ರ ನವೆಂಬರಿನಲ್ಲಿ ಹನ್ನೆರಡನೇ ಕ್ಲಾಸಿನವರನ್ನು ಮೆಸಯೀದಿನ ಕಾರ್ಖಾನೆಗೆ, ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ತೋರಿಸಲು ಕರೆತಂದಿದ್ದಳು. ಅದನ್ನು ನಡೆಸುವವನೇ ಈತ, ಕಾರ್ಕಳದ ಸೃಜನ್.

ದೀಪ ಆರಿತು. ಪರದೆಯ ಮೇಲೆ ಒಂದರೊಳಗೊಂದು ಹಸಿರು ಬೆಳಕಿನ ಬಳೆಗಳು.

“ಎಲೆಕ್ಟ್ರಾನ್ ಕಣ ಅಲ್ವಾ ಸರ್?” ಹುಡುಗಿಯೊಬ್ಬಳು ಕೇಳಿದಳು.

“ಅಲೆಯೂ ಹೌದು. ಬರೀ ಕಣ ಆಗಿದ್ರೆ ಈ ಬಳೆ ಬರ್ತಿರ್ಲಿಲ್ಲ. ಎಸೆದ ಕ್ರಿಕೆಟ್ ಬಾಲಿಗೂ ಅಲೆ ಉಂಟು. ಆದ್ರೆ ಬಾಲ್ ಭಾರ, ಅದರ ಅಲೆ ತೀರಾ ಸಣ್ಣದು, ಯಾರಿಗೂ ಗೊತ್ತೇ ಆಗುದಿಲ್ಲ. ಎಲೆಕ್ಟ್ರಾನ್ ಹಗುರ. ಅದರ ಅಲೆ ಪರಮಾಣುಗಳ ಸಾಲು ದಾಟಿ ಬರುವಾಗ ಹೀಗೆ ಹರಡ್ತದೆ.”

ಬೋರ್ಡಿನ ಮೇಲೆ ಎಷ್ಟೋ ಸಲ ಬರೆದದ್ದು ಇವತ್ತು ಕಣ್ಣೆದುರು ಹೊಳೆಯುತ್ತಿತ್ತು. ವೆನಿಟಾ ಬಳೆಗಳನ್ನು ನೋಡಿದಳು. ಆಮೇಲೆ, ಆ ಹಸಿರು ಬಿದ್ದ ಅವನ ಮುಖವನ್ನು.

“ಕೈ ಚಾಚಿದ್ರೂ ಹಿಡಿಯದ ದೊಡ್ಡ ಜನ ನೀವು,” ಹೊರಡುವಾಗ ಕೆಣಕಿದಳು.

ಅವನ ಮುಖ ಬಿಳುಚಿತು. “ಚಾಚಿದ್ರಾ? ಕಾಣ್ಲಿಲ್ಲ ಮಾರಾಯ್ರೆ!”

ನೆಪವೆಂದು ನಕ್ಕಳು. ಆ ನಗುವಿನಿಂದಲೇ ಎಲ್ಲ ಶುರುವಾಯಿತು. ಶುಕ್ರವಾರ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಅವಳು ಅಲ್ ಮನ್ಸೂರಾದ ಹೋಟೆಲಿಗೆ ಬರುವಳು. ನೀರುದೋಸೆಯ ಎದುರು ಅವನು ಕಾದಿರುವನು. ಕತ್ತಲಾದರೆ ಮೆಟ್ಟಿಲಿಳಿಯುವಾಗ ಅವಳ ತೋಳು ಹಿಡಿಯುವನು. ಪ್ರೀತಿಯಿಂದ ಎಂದುಕೊಂಡಳು. ಪ್ರೀತಿಯೂ ಇತ್ತು.

ಬೇಸಿಗೆಯಲ್ಲಿ ಕಂಪನಿಯ ಮೆಡಿಕಲ್ ಟೆಸ್ಟಿನಲ್ಲಿ ವಿಷಯ ಹೊರಬಿತ್ತು. ಅವನ ದೃಷ್ಟಿ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತಾ ಬರುತ್ತಿತ್ತು. ಎದುರಿನದಷ್ಟೇ ಕಾಣುತ್ತಿತ್ತು, ಒಂದು ದಿನ ಅದೂ ಕಾಣದು.

“ಕೆಲಸ ಖಲಾಸ್, ವೀಸಾ ಕ್ಯಾನ್ಸಲ್,” ಎಂದ. “ಊರಿಗೆ ಹೋಗ್ತೇನೆ. ಒಬ್ಬನೇ.”

“ನನ್ನನ್ನು ಕೇಳದೆ ನೀವೇ ತೀರ್ಮಾನ ಮಾಡಿದ್ರಾ?”

“ಕೇಳಿದ್ರೆ ನೀನು ಬರ್ತೇನೆ ಅಂತ ಹೇಳ್ತಿ, ವೆನಿ. ಅದಕ್ಕೇ ಕೇಳ್ಲಿಲ್ಲ.”

ಅವಳು ಬೇಡಿದಳು, ಜಗಳವಾಡಿದಳು, ಮನೆಯವರನ್ನೂ ಒಪ್ಪಿಸುವೆನೆಂದಳು. ಅವನು ಬೇಡವೆಂದು ತಲೆಯಾಡಿಸುತ್ತಲೇ ಇದ್ದ, ಕಣ್ಣು ತುಂಬಿಕೊಂಡು.

ಏರ್‌ಪೋರ್ಟಿನ ಬಾಗಿಲಲ್ಲಿ ಅವಳ ಭುಜ ಹಿಡಿದು ತನ್ನ ನೇರಕ್ಕೆ ನಿಲ್ಲಿಸಿಕೊಂಡ.

“ಒಮ್ಮೆ ನಗ್ತೀಯಾ? ನೋಡಿ ಇಟ್ಕೊಳ್ತೇನೆ.”

ಅವಳು ನಕ್ಕಳು. ಹಿಂದಿನವರು “ಯಲ್ಲಾ, ಯಲ್ಲಾ” ಎಂದು ಅವಸರಿಸಿ ತಳ್ಳುವವರೆಗೂ ಅವನು ನೋಡಿದ. ಅವನು ಒಳಗೆ ಮರೆಯಾದ ಮೇಲೂ, ಒಂದು ವೇಳೆ ತಿರುಗಿ ನೋಡಿದರೆ ಎಂದು, ವೆನಿಟಾ ನಗುತ್ತಲೇ ನಿಂತಿದ್ದಳು.