ನಲವತ್ತೊಂದನೆಯ ಲಾಗಿನ್

ಆಸ್ಪತ್ರೆಯ ಸ್ಕ್ಯಾನ್ ಸರ್ವರಿಗೆ ದೂರದಿಂದ ಯಾರು ಲಾಗಿನ್ ಆಗಬಹುದೆಂಬ ಪಟ್ಟಿ ನನ್ನ ಸುಪರ್ದಿಯಲ್ಲಿದೆ. ಮನೆಯಿಂದಲೇ ಸ್ಕ್ಯಾನ್‌ಗಳನ್ನು ನೋಡಿ ರಿಪೋರ್ಟ್ ಬರೆಯುತ್ತಿದ್ದ ಹಿರಿಯ ಡಾಕ್ಟರಮ್ಮ ತೀರಿಕೊಂಡ ಮೂರನೆಯ ಬೆಳಿಗ್ಗೆ, ಹತ್ತಕ್ಕೆ, ಪಟ್ಟಿಯಿಂದ ಅವರ ಹೆಸರು ತೆಗೆದೆ. ಹನ್ನೊಂದೂಕಾಲಿಗೆ ಅದೇ ಹೆಸರಿನಲ್ಲಿ ಸೆಷನ್ ತೆರೆದುಕೊಂಡಿತು.

ಪಾಸ್‌ವರ್ಡ್ ಕಳುವಾಗಿರಬೇಕೆಂದುಕೊಂಡು, ಆ ಸೆಷನ್ನಿನಲ್ಲಿ ಏನು ತೆರೆದಿದೆಯೆಂದು ನನ್ನ ಪರದೆಯಲ್ಲಿ ನೋಡಿದೆ. ಸಂಜೆ ಮನೆಗೆ ಹೊರಡಲಿದ್ದ ಹುಡುಗಿಯೊಬ್ಬಳ ತಲೆಯ ಸ್ಕ್ಯಾನ್ ಅದು. ಮೌಸಿನ ಬಾಣ, ಡಾಕ್ಟರಮ್ಮ ಕನ್ನಡಕ ಒರೆಸಿಕೊಳ್ಳುತ್ತಿದ್ದಷ್ಟು ಹೊತ್ತು ನಿಂತು, ಮೂಲೆಯಲ್ಲೊಂದು ಸಣ್ಣ ವೃತ್ತ ಎಳೆಯಿತು. ಸರ್ವರ್ ಫ್ಯಾನುಗಳ ಸದ್ದು ಅಡಗಿತ್ತು. ನಾನು ಎದ್ದು ನಿಂತಿದ್ದೆ.

ಕಿರಿಯ ಡಾಕ್ಟರನ್ನು ಕರೆದೆ. "ಏನ್ರೀ, ಸರ್ವರಿಗೂ ಜ್ವರನಾ?" ಎನ್ನುತ್ತ ಬಂದವರು ವೃತ್ತ ನೋಡಿ ಪರದೆಯ ಹತ್ತಿರಕ್ಕೆ ಬಗ್ಗಿದರು.

"ಇದರ ರಿಪೋರ್ಟ್ ನಾನೇ ಬರ್ದಿದ್ದು. ರಕ್ತ ಒಸರ್ತಿರೋದು ನನ್ನ ಕಣ್ಣಿಗೆ ಬಿದ್ದೇ ಇಲ್ವಲ್ರೀ."

ಅಂದೇ ಆಪರೇಷನ್ ಆಯಿತು, ಹುಡುಗಿ ಉಳಿದಳು.

ಅಂದು ಹತ್ತು ಗಂಟೆಯ ಮೇಲೆ ಡಾಕ್ಟರಮ್ಮನ ಹೆಸರನ್ನು ಸರ್ವರ್ ನಲವತ್ತು ಸಲ ತಿರಸ್ಕರಿಸಿದ್ದು ದಾಖಲೆಯಲ್ಲಿದೆ. ನಲವತ್ತೊಂದನೆಯದಕ್ಕೆ ಅನುಮತಿ ಕೊಟ್ಟವರ ಜಾಗದಲ್ಲಿ ನನ್ನ ಹೆಸರಿದೆ. ನಾನು ಕೊಟ್ಟಿಲ್ಲ.